ಡಬ್ಬದ ಮೇಲೆ ತಂತಿ ಇದೆ, ಒಳಗಿಲ್ಲ: ಟೈಗರ್ ಮಾತ್ 1/48 ಕಿಟ್, ಬಹಳ ದಿನ ಇಟ್ಟುಕೊಂಡ ಮೇಲೆ

ಟೈಗರ್ ಮಾತ್ ಅಂದರೆ ಒಂದರ ಮೇಲೊಂದು ಎರಡು ರೆಕ್ಕೆಯಿರುವ ಹಳೇ ಬ್ರಿಟಿಷ್ ತರಬೇತಿ ವಿಮಾನ. ನಿಜ ವಿಮಾನದ 48ರಲ್ಲಿ ಒಂದು ಪಾಲಿನ ಅಳತೆಗೆ ಅಂಟಿಸಿ ಮಾಡುವ ಪ್ಲಾಸ್ಟಿಕ್ ಕಿಟ್ ಇದು. ಡಬ್ಬದ ಮೇಲಿನ ಚಿತ್ರ ತುಂಬಾ ಚೆನ್ನಾಗಿದೆ. ಹಳದಿ ಹೊಟ್ಟೆಯ ಟೈಗರ್ ಮಾತ್ ಹುಲ್ಲಿನ ಮೈದಾನ ಬಿಟ್ಟು ಏಳುತ್ತಿದೆ. ಎರಡು ರೆಕ್ಕೆಗಳ ನಡುವಿನ ಒಂದೊಂದು ತಂತಿಯನ್ನೂ ಚಿತ್ರಕಾರ ಬಿಡದೆ ಬರೆದಿದ್ದಾನೆ. ಡಬ್ಬ ತೆರೆದರೆ ತಂತಿಯ ಸುಳಿವೇ ಇಲ್ಲ. ದಾರದ ತುಂಡೂ ಇಲ್ಲ. ಸೂಚನೆ ಪುಸ್ತಕದ ಕೊನೇ ಪುಟದ ಮೂಲೆಯಲ್ಲಿ ಒಂದು ಪುಟ್ಟ ಚಿತ್ರ, ಅದೂ ಒಂದೇ ಕಡೆಯಿಂದ ನೋಡಿದ್ದು. ಅಷ್ಟು ಕೊಟ್ಟು ಕೈ ತೊಳೆದುಕೊಂಡಿದ್ದಾರೆ.

ಎರಡು ರೆಕ್ಕೆಯ ವಿಮಾನ ನಿಂತಿರುವುದೇ ಈ ತಂತಿಗಳ ಬಲದಲ್ಲಿ. ಹಾರುವಾಗ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳದಂತೆ ಕೆಲವು ತಂತಿ ಹಿಡಿದಿರುತ್ತವೆ. ನೆಲದ ಮೇಲಿರುವಾಗ ರೆಕ್ಕೆ ತನ್ನ ಭಾರಕ್ಕೇ ಜೋತುಬೀಳದಂತೆ ಉಳಿದವು ನೋಡಿಕೊಳ್ಳುತ್ತವೆ. ತಂತಿ ಇಲ್ಲದ ಟೈಗರ್ ಮಾತ್ ಅಂದರೆ ಅರ್ಧ ವಿಮಾನ. ಅದನ್ನೇ ಮರೆತು ಕಿಟ್ ಮಾಡೋದಾ?

ಮೈ, ಎಂಜಿನ್, ಬಾಲ ಎಲ್ಲಾ ಸಲೀಸಾಗಿ ಕೂಡಿಕೊಳ್ಳುತ್ತವೆ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತೊಡಕು ಶುರುವಾಗುವುದು ಮೇಲಿನ ರೆಕ್ಕೆಯಲ್ಲಿ. 1931ರಲ್ಲಿ ಮೊದಲು ಹಾರಿದ ಈ ವಿಮಾನದಲ್ಲಿ ಗುರು ಮುಂದಿನ ಸೀಟಿನಲ್ಲಿ, ಶಿಷ್ಯ ಹಿಂದೆ. ಇದಕ್ಕೂ ಹಿಂದೆ ಬಂದ, ಮಾತ್ ಅನ್ನುವ ಹೆಸರಿನದೇ ವಿಮಾನಗಳಲ್ಲಿ ಮೇಲಿನ ರೆಕ್ಕೆಯ ಕಂಬಗಳು ಮುಂದಿನ ಸೀಟನ್ನು ಸುತ್ತುವರಿದಿದ್ದವು. ಪ್ಯಾರಾಚೂಟ್ ಕಟ್ಟಿಕೊಂಡ ಗುರು ಅವಸರದಲ್ಲಿ ಹೊರಗೆ ಬರುವುದು ಕಷ್ಟವಾಗಿತ್ತು. ಹಾಗಾಗಿ ಆ ಕಂಬಗಳನ್ನು ಮುಂದಕ್ಕೆ ಸರಿಸಿದರು. ಅದರಿಂದ ತಪ್ಪಿದ ಸಮತೋಲ ಸರಿಹೋಗಲಿ ಅಂತ ರೆಕ್ಕೆಗಳನ್ನು ಹಿಂದಕ್ಕೆ ಓರೆ ಮಾಡಿದರು. ಟೈಗರ್ ಮಾತ್‌ನ ಅಂದ ಇರುವುದೇ ಆ ಓರೆಯಲ್ಲಿ. ಆದರೆ ಈ ಕಿಟ್‌ನಲ್ಲಿ ಕಂಬ ಕೂರುವ ಗೂಡು ಸ್ವಲ್ಪ ಸಡಿಲ. ಒಂದು ಕಡೆಯ ಕಂಬ ಕೂದಲೆಳೆಯಷ್ಟು ವಾಲಿದರೂ ಎದುರಿನಿಂದ ನೋಡಿದಾಗ ಗೊತ್ತಾಗಿಬಿಡುತ್ತದೆ. ರಟ್ಟು ಕತ್ತರಿಸಿ ಅಚ್ಚು ಮಾಡಿ, ಅದರ ಮೇಲೆ ರೆಕ್ಕೆ ಕೂರಿಸಿ, ರಾತ್ರಿಯಿಡೀ ಒಣಗಲು ಬಿಟ್ಟೆ.

ಇನ್ನು ಹಳದಿ. ನನ್ನ ಹತ್ತಿರ ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇಲ್ಲ, ಕೊಳ್ಳುವ ಯೋಚನೆಯೂ ಇಲ್ಲ, ಎಲ್ಲಾ ಕುಂಚದಲ್ಲೇ. ಹಳದಿ ಬಣ್ಣ ಅಡಿಯದನ್ನು ಮುಚ್ಚುವುದಿಲ್ಲ. ಬೂದು ಪ್ಲಾಸ್ಟಿಕ್ ಮೇಲೆ ನೇರವಾಗಿ ಬಳಿದರೆ ಹಸಿರು ಛಾಯೆ ಬರುತ್ತದೆ. ಮೊದಲು ಬಿಳಿ, ಅದರ ಮೇಲೆ ತೆಳು ಗುಲಾಬಿ, ಆಮೇಲೆ ಹಳದಿ. ಗುಲಾಬಿ ಯಾಕೆ ಅಂತ ಅನುಮಾನ ಇದ್ದವರು ಒಂದು ತುಂಡಿನ ಮೇಲೆ ಬಳಿದು ನೋಡಲಿ, ಹಳದಿಗೆ ಬೆಚ್ಚಗಿನ ಕಳೆ ಬರುತ್ತದೆ.

ತಂತಿಗೆ ನಾನು ಆರಿಸಿದ್ದು ಎಳೆದರೆ ಹಿಗ್ಗುವ ಲೈಕ್ರಾ ದಾರ, ಬೇರೆಯಾಗಿ ಕೊಂಡಿದ್ದು. ಮೀನಿನ ಗಾಳದ ನೈಲಾನ್ ದಾರ ಅಗ್ಗ, ಆದರೆ ದಪ್ಪ. 0.2 ಮಿ.ಮೀ. ದಾರವನ್ನು 48 ಪಟ್ಟು ಮಾಡಿ ನೋಡಿ, ಹತ್ತಿರ ಹತ್ತಿರ ಒಂದು ಸೆಂಟಿಮೀಟರ್! ನೈಜ ವಿಮಾನದ ತಂತಿ ದುಂಡಗಿನದಲ್ಲ, ಗಾಳಿ ಸೀಳುವ ಹಾಗೆ ಚಪ್ಪಟೆ. ಅದಕ್ಕೇ ಚಪ್ಪಟೆ ದಾರವನ್ನೇ ತಂದೆ. ಒಂದೇ ಎಚ್ಚರ ಬೇಕು. ಎಳೆಯುವಾಗ ಅದು ತಿರುಚಿಕೊಂಡರೆ ಬೆಳಕಿಗೆ ಅಲ್ಲಲ್ಲಿ ಮಿಂಚಿ ಗುಟ್ಟು ರಟ್ಟಾಗುತ್ತದೆ.

ಇಲ್ಲಿಂದ ನನ್ನ ಸಿಟ್ಟು ಇಳಿಯುತ್ತಾ ಹೋಯಿತು. ಬಣ್ಣ ಬಳಿಯುವ ಮೊದಲೇ ಕೈ ಡ್ರಿಲ್ಲಿನಲ್ಲಿ 0.3 ಮಿ.ಮೀ. ತೂತು ಕೊರೆದಿಟ್ಟಿದ್ದೆ. ಊಟ ಆದ ಮೇಲೆ ಟೇಬಲ್ ದೀಪ ಹಚ್ಚಿ ಕೂರುವುದು, ದಿನಕ್ಕೆ ಒಂದು ತಂತಿ, ಮನಸ್ಸು ಬಂದರೆ ಎರಡು. ದಾರದ ತುದಿ ತೂತಿಗೆ ಇಳಿಸಿ, ಸೂಜಿಯ ಮೊನೆಯಲ್ಲಿ ಸೂಪರ್ ಗ್ಲೂ ತೆಗೆದು ಮುಟ್ಟಿಸುವುದು. ಅದು ಕಚ್ಚಿಕೊಳ್ಳುವವರೆಗೆ ಉಸಿರೂ ಜೋರಾಗಿ ಬಿಡುವ ಹಾಗಿಲ್ಲ. ಆಮೇಲೆ ಇನ್ನೊಂದು ತುದಿಯನ್ನು ಚಿಮಟದಲ್ಲಿ ಹಿಡಿದು, ಸ್ವಲ್ಪವೇ ಸ್ವಲ್ಪ ಎಳೆದು, ಎದುರಿನ ತೂತಿನೊಳಗೆ. ಮಿಕ್ಕಿದ್ದನ್ನು ಹೊಸ ಬ್ಲೇಡಿನಲ್ಲಿ ಕತ್ತರಿಸಿ ಮೇಲೆ ಒಂದು ಚುಕ್ಕಿ ಹಳದಿ. ಕಟ್ಟಿದ ಮೇಲೆ ಬೆರಳ ತುದಿಯಲ್ಲಿ ತಂಬೂರಿಯ ಹಾಗೆ ಮೀಟಿ ನೋಡಬೇಕು. ಸದ್ದು ಬರುವುದಿಲ್ಲ, ಆದರೆ ಬಿಗಿ ಬೆರಳಿಗೆ ತಿಳಿಯುತ್ತದೆ. ಎಡಕ್ಕೊಂದು ಕಟ್ಟಿದರೆ ಬಲಕ್ಕೊಂದು. ಒಂದೇ ಕಡೆ ಕಟ್ಟುತ್ತಾ ಹೋದರೆ ರೆಕ್ಕೆ ಆ ಕಡೆಗೆ ಎಳೆದುಕೊಳ್ಳುತ್ತದೆ.

ಯಾರೂ ಅವಸರ ಮಾಡದ ಕೆಲಸ ಇದು. ಡಬ್ಬದಲ್ಲೇ ಸಿದ್ಧ ತಂತಿ ಇಟ್ಟಿದ್ದರೆ ಇದೆಲ್ಲಾ ಸಿಗುತ್ತಿತ್ತಾ ಅಂತ ಈಗ ಅನಿಸುತ್ತದೆ. ಹಾಗಂತ ಆ ಪುಟ್ಟ ಚಿತ್ರವನ್ನು ಕ್ಷಮಿಸಿಲ್ಲ. ಬಾಲಕ್ಕೆ ಹೋಗುವ ತಂತಿಗಳು ಎಲ್ಲಿಂದ ಹೊರಡುತ್ತವೆ ಅನ್ನುವುದನ್ನು ನಿಜ ವಿಮಾನದ ಫೋಟೋ ನೋಡಿಯೇ ತಿಳಿದುಕೊಳ್ಳಬೇಕಾಯಿತು.

ನನ್ನದೇ ಸೇರ್ಪಡೆಗಳೂ ಇವೆ. ಕಾಕ್‌ಪಿಟ್‌ನ ಪಕ್ಕದ ಬಾಗಿಲುಗಳನ್ನು ಕತ್ತರಿಸಿ ಕೆಳಕ್ಕೆ ಮಡಚಿಟ್ಟೆ. ಸೀಟ್ ಬೆಲ್ಟು ಮಾಸ್ಕಿಂಗ್ ಟೇಪಿನದು. ಗುರು ಮಾತಾಡಿದ್ದು ಶಿಷ್ಯನ ಕಿವಿಗೆ ತಲುಪಲು ಗಾಸ್‌ಪೋರ್ಟ್ ಟ್ಯೂಬ್ ಅಂತ ಒಂದು ರಬ್ಬರ್ ಕೊಳವೆ ಇರುತ್ತಿತ್ತು. ಹಾಳಾದ ಇಯರ್‌ಫೋನಿನ ಒಳಗಿನ ತಾಮ್ರದ ಎಳೆ ಅದಕ್ಕೆ ಸರಿಯಾಗಿ ಒದಗಿತು. ಒಬ್ಬನೇ ಪೈಲಟ್ ಕೂರಿಸುವುದಾದರೆ ಹಿಂದಿನ ಸೀಟಿನಲ್ಲಿ ಕೂರಿಸಿ. ಟೈಗರ್ ಮಾತ್ ಅನ್ನು ಒಂಟಿಯಾಗಿ ಹಾರಿಸುತ್ತಿದ್ದದ್ದು ಅಲ್ಲಿಂದಲೇ. ಮುಂದೆ ಕೂರಿಸಿದ ಎಷ್ಟೋ ಮಾಡೆಲ್ ನೋಡಿದ್ದೇನೆ, ಸುಮ್ನೆ ಇದ್ದುಬಿಡುತ್ತೇನೆ.

ಶೆಲ್ಫಿನಲ್ಲಿ ಇಟ್ಟ ಮೇಲೆ ಹೇಗಿದೆ ಅನ್ನುವುದು ಮುಖ್ಯ, ಅಲ್ವಾ? ಧೂಳು ತಂತಿಯ ಮೇಲೇ ಮೊದಲು ಕೂರುತ್ತದೆ. ಮೇಕಪ್ ಬ್ರಷ್‌ನಲ್ಲಿ ಮೇಲಿಂದ ಕೆಳಕ್ಕೆ ಮೆಲ್ಲಗೆ ಸವರುತ್ತೇನೆ. ಬ್ರಷ್ ತಗುಲಿದರೆ ಲೈಕ್ರಾ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಇಷ್ಟು ದಿನಕ್ಕೆ ಒಂದೂ ಸಡಿಲವಾಗಿಲ್ಲ. ಕೈ ಕೊಟ್ಟಿದ್ದು ಗಾಲಿಯ ಕಾಲು. ಬರಿಯ ಪ್ಲಾಸ್ಟಿಕ್ ಅಂಟು ಅಲ್ಲಿ ತಾಳುವುದಿಲ್ಲ, ಜಾಗ ಬದಲಿಸುವಾಗ ಕಿತ್ತು ಬಂತು. ಈಗ ಒಳಗೆ ಹಿತ್ತಾಳೆ ಕಡ್ಡಿ ಇದೆ. ಮೇಲಿನ ವಾರ್ನಿಷ್ ಹಳದಿಗೆ ತಿರುಗುತ್ತಿದೆ. ಹಳದಿ ವಿಮಾನದಲ್ಲಿ ಅದು ಯಾರಿಗೂ ಕಾಣದು, ವಾಯುಪಡೆಯ ಚಕ್ರಾಕಾರದ ಗುರುತಿನ ಬಿಳಿ ಉಂಗುರದಲ್ಲಿ ಮಾತ್ರ ಕಾಣುತ್ತದೆ. ನನಗಂತೂ ಕಣ್ಣು ಅಲ್ಲಿಗೇ ಹೋಗುತ್ತದೆ.

ಮೊದಲ ಕಿಟ್ ಮಾಡುವವರು ಇದನ್ನು ಕೊಳ್ಳಬೇಡಿ, ಒಂದೇ ರೆಕ್ಕೆಯ ಚಿಪ್‌ಮಂಕ್ ತರಹದ ತರಬೇತಿ ವಿಮಾನ ಸಾಕು. ನಾಲ್ಕಾರು ಮಾಡಿ ಕೈ ಪಳಗಿದ್ದರೆ ಧೈರ್ಯವಾಗಿ ತನ್ನಿ, ಜೊತೆಗೆ ದಾರವನ್ನೂ ತನ್ನಿ. ದುಬಾರಿ ಲೋಹದ ಬಿಡಿಭಾಗಗಳ ಸೆಟ್ ಬೇಡ, ಆ ದುಡ್ಡಿಗೆ ಇನ್ನೊಂದು ಕಿಟ್ಟೇ ಬಂದೀತು. ನಾನು ತಂದಿದ್ದೇನೆ. ಈ ಸಲ ಯುದ್ಧಕ್ಕೆ ಮುಂಚಿನ ಪೂರ್ತಿ ಹಳದಿ. ರೀಲಿನಲ್ಲಿ ದಾರ ಇನ್ನೂ ಬೇಕಾದಷ್ಟಿದೆ, ಗುಲಾಬಿ ಬಣ್ಣವೊಂದು ತರಬೇಕು.