ಕ್ಯಾಂಪರ್ ವ್ಯಾನ್ ತಗೊಂಡು ಹೊಳೆ ದಂಡೆಗೆ ಹೋಗೋರು ಇದನ್ನ ಓದ್ಕೊಂಡು ಹೋಗಿ

ಮಳೆಗಾಲ ಬಂತು ಅಂದ್ರೆ ಬೆಂಗಳೂರಲ್ಲಿ ಎಲ್ಲರ ಫೋನಲ್ಲೂ ಒಂದೇ ರೀಲು, ಹೊಳೆ ಪಕ್ಕ ವ್ಯಾನ್ ನಿಲ್ಸಿ ಹಿಂದಿನ ಡೋರ್ ತೆಗ್ದು ಕಾಲು ಇಳಿಬಿಟ್ಕೊಂಡು ಕಾಫಿ ಕುಡೀತಿರ್ತಾರೆ. ಅದನ್ನ ನೋಡಿ ವೀಕೆಂಡ್ ಬುಕ್ ಮಾಡೋಕೆ ಹೊರಟಿರೋರಿಗೆ ಹೇಳ್ತಿದೀನಿ, 'ನದಿಗೆ ಹತ್ತೇ ಹೆಜ್ಜೆ' ಅಂತ ಹಾಕಿರೋ ಜಾಗಕ್ಕೆ ಹೋಗ್ಬೇಡಿ. ಜುಲೈ ಆಗಸ್ಟಲ್ಲಂತೂ ಬೇಡವೇ ಬೇಡ.

ನಾವು ಹೋಗಿದ್ದು ಶ್ರೀರಂಗಪಟ್ಟಣದಿಂದ ಸ್ವಲ್ಪ ಕೆಳಗೆ ಕಾವೇರಿ ದಂಡೆಗೆ, ನಾನು, ನನ್ ಹೆಂಡ್ತಿ, ಮಗಳು, ಬಾಮೈದ. ಪಬ್ಲಿಕ್ ಕ್ಯಾಂಪಿಂಗ್ ಜಾಗ, ಪರ್ಮಿಷನ್ ಎಲ್ಲಾ ಇದೆ ಸಾರ್ ಅಂದಿದ್ರು ಫೋನಲ್ಲಿ. ಹೋಗಿ ನೋಡಿದ್ರೆ ಎರಡು ಕಂಬಕ್ಕೆ ಅಡ್ಡ ಕಟ್ಟಿದ ಹಗ್ಗ, ಅದರ ಹತ್ರ ಪ್ಲಾಸ್ಟಿಕ್ ಚೇರಲ್ಲಿ ಒಬ್ಬ ಹುಡುಗ, ಅವನ ಕೈಲಿ ರಸೀದಿ ಬುಕ್ಕು. ರಸೀದಿ ಮೇಲೆ ಪಂಚಾಯ್ತಿ ಹೆಸರೂ ಇಲ್ಲ, ಸೀಲೂ ಇಲ್ಲ, ಬರೀ ಗಾಡಿ ನಂಬರ್ ಮತ್ತೆ ದುಡ್ಡು. ಕರೆಂಟ್ ಇಲ್ಲ, ನಲ್ಲಿ ಇಲ್ಲ, ಟಾಯ್ಲೆಟ್ ಇಲ್ಲ, ಸರಿ, ಅದನ್ನ ಮೊದಲೇ ಹೇಳಿದ್ರು, ಅದಕ್ಕೆ ನನ್ನ ತಕರಾರಿಲ್ಲ.

ತಕರಾರು ಏನಪ್ಪಾ ಅಂದ್ರೆ ಅವರು ತೋರಿಸಿದ ಜಾಗ ದಂಡೆನೇ ಅಲ್ಲ, ಹೊಳೆಯ ಪಾತ್ರ. ಮರಳು ಮಿಕ್ಸ್ ಆದ ಮೆತ್ತನೆ ನೆಲ, ಮೇಲೆ ಚೆನ್ನಾಗಿ ಗರಿಕೆ ಬೆಳ್ದಿದೆ, ನೋಡೋಕೆ ಲಾನ್ ಇದ್ದಂಗೆ. ಪಕ್ಕದಲ್ಲಿ ಒಂದು ದೊಡ್ಡ ಮತ್ತಿ ಮರ, ಅದರ ಕೊಂಬೇಲಿ ನಮ್ಮ ತಲೆಗಿಂತ ಎತ್ತರಕ್ಕೆ ಒಣಗಿದ ಜೊಂಡು, ಹರಿದ ಸಿಮೆಂಟ್ ಚೀಲ, ಯಾರದ್ದೋ ಒಂದು ಚಪ್ಪಲಿ ಸಿಕ್ಕಾಕೊಂಡಿತ್ತು. ಅಷ್ಟು ಮೇಲೆ ಚಪ್ಪಲಿ ಹೆಂಗೆ ಹೋಯ್ತು ಅಂತ ಮಗಳು ಕೇಳಿದ್ಲು. ಹಿಂದೆ ನೀರು ಅಲ್ಲಿವರೆಗೂ ಬಂದಿದ್ದಕ್ಕೆ ಹೋಗಿದೆ, ಅಷ್ಟೇ. ಆ ಹುಡುಗನ್ನ ಕೇಳಿದ್ರೆ "ಅದು ಹಳೇದು ಸಾರ್, ಈಗೆಲ್ಲಾ ಬರಲ್ಲ" ಅಂದ.

ಸಂಜೆ ಹೊತ್ತಿಗೆ ಪಕ್ಕದ ಗದ್ದೆಯವರೊಬ್ರು ಮಗನ್ನ ಕರ್ಕೊಂಡು ಬಂದು ಹೊಳೆ ಹತ್ರ ಇಟ್ಟಿದ್ದ ಪಂಪ್‌ಸೆಟ್ ಬಿಚ್ಚಿ ಹಗ್ಗ ಹಾಕಿ ಮೇಲಕ್ಕೆ ಎಳೀತಿದ್ರು. ನಮ್ಮ ಬಾಮೈದ ಸಹಾಯ ಮಾಡೋಣ ಅಂತ ಹೋದ, ಅವರು ನಮ್ಮ ವ್ಯಾನ್ ನೋಡಿ "ಅಯ್ಯೋ ಸೋಮಿ, ಕಟ್ಟೆಯಿಂದ ನೀರ್ ಬುಟ್ಟವ್ರೆ, ಊರಲ್ಲಿ ಮೈಕಲ್ಲಿ ಕೂಗ್ಕೊಂಡೋದ್ರು, ನೀವಿಲ್ಲಿ ಹಾಸ್ಗೆ ಹಾಸ್ತಿದ್ದೀರಾ?" ಅಂದ್ರು.

ಆಕಾಶದಲ್ಲಿ ಒಂದು ಮೋಡ ಇಲ್ಲ, ಒಂದು ಹನಿ ಮಳೆ ಇಲ್ಲ. ಇದೇ ಬೆಂಗಳೂರಿಂದ ಹೋಗೋರಿಗೆ ಅರ್ಥ ಆಗದೇ ಇರೋ ವಿಷಯ. ಮಳೆ ಬೀಳೋದು ಭಾಗಮಂಡಲದಲ್ಲಿ, ಮಡಿಕೇರಿಯಲ್ಲಿ, ನೀರು ಏರೋದು ಇಲ್ಲಿ. ಅವರು ಕಟ್ಟೆ ಅಂದಿದ್ದು ಮೇಲಿರೋ ಕೆಆರ್‌ಎಸ್ ಅಣೆಕಟ್ಟನ್ನ. ಅದರ ಗರಿಷ್ಠ ಮಟ್ಟ 124.80 ಅಡಿ, ಅದರ ಹತ್ರ ಬಂತು ಅಂದ್ರೆ ಒಳಹರಿವು ಎಷ್ಟಿದೆಯೋ ಹೆಚ್ಚುಕಮ್ಮಿ ಅಷ್ಟನ್ನೂ ಹೊರಗೆ ಬಿಡ್ಲೇಬೇಕು. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್, ಹತ್ತಿಪ್ಪತ್ತು ಸಾವಿರ ಕ್ಯೂಸೆಕ್ ಬಿಟ್ಟಿದಾರೆ ಅಂತ ಪೇಪರಲ್ಲಿ ಓದ್ತೀವಲ್ಲ, ಲೆಕ್ಕ ಹಾಕ್ಕೊಳಿ. 2024ರ ಮಳೆಗಾಲದಲ್ಲಿ 1 ಲಕ್ಷ ಕ್ಯೂಸೆಕ್ ದಾಟಿತ್ತು. ಆ ನೀರು ಶ್ರೀರಂಗಪಟ್ಟಣ ತಲುಪೋಕೆ ಕೆಲವೇ ಗಂಟೆ ಸಾಕು. ನದಿ ಪಾತ್ರದ ಜನರಿಗೆ ಮುನ್ನೆಚ್ಚರಿಕೆ ಕೊಡ್ತಾರೆ ನಿಜ, ಆದ್ರೆ ಅದು ಊರೊಳಗೆ ಕೇಳುತ್ತೆ, ಹೊಳೇಲಿ ಮ್ಯೂಸಿಕ್ ಹಾಕ್ಕೊಂಡು ಕೂತಿರೋರಿಗೆ ಕೇಳಲ್ಲ.

ಗಾಡಿ ತೆಗಿಯೋಣ ಅಂದ್ರೆ ಅದು ಟಿಟಿ (ಟೆಂಪೋ ಟ್ರಾವೆಲರ್) ಬಾಡಿ, ಒಳಗೆ ಮಂಚ, ಸಿಂಕು, ನೀರಿನ ಟ್ಯಾಂಕು, ಬ್ಯಾಟರಿ ಎಲ್ಲಾ ತುಂಬಿ ಹಿಂದೆ ಭಾರ, ರಿವರ್ಸ್ ಹಾಕಿದ ತಕ್ಷಣ ಹಿಂದಿನ ಚಕ್ರ ಮರಳಲ್ಲಿ ಹೂತ್ಕೊಂತು. ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ. ರಸೀದಿ ಹುಡುಗ ಅಷ್ಟೊತ್ತಿಗೆ ಬೈಕ್ ಹತ್ತಿ ನಾಪತ್ತೆ. ಕೊನೆಗೆ ಅದೇ ಗದ್ದೆಯವರೇ ಟ್ರಾಕ್ಟರ್ ತರಿಸಿ ಸರಪಳಿ ಹಾಕಿ ಎಳೆಸಿ ಊರಿನ ಮಾರಮ್ಮನ ಗುಡಿ ಮುಂದೆ ನಿಲ್ಲಿಸ್ಕೊಳಿ ಅಂದ್ರು, ಡೀಸೆಲ್ಲಿಗೆ ಮಾತ್ರ ದುಡ್ಡು ತಗೊಂಡ್ರು, ಪುಣ್ಯಾತ್ಮರು. ಬೆಳಿಗ್ಗೆ ಹೋಗಿ ನೋಡಿದ್ರೆ ಮತ್ತಿ ಮರದ ಬುಡ ನೀರಲ್ಲಿತ್ತು, ಹಗ್ಗದ ಕಂಬ ಕಾಣಿಸ್ತಾನೇ ಇರ್ಲಿಲ್ಲ.

ಮಳೆಗಾಲದಲ್ಲಿ ಹೋಗ್ಲೇಬೇಕು ಅಂತಿದ್ರೆ ಪೇಪರಲ್ಲಿ ದಿನಾ ಬರೋ ಕೆಆರ್‌ಎಸ್ ಮಟ್ಟ ಮತ್ತೆ ಹೊರಹರಿವು ನೋಡಿ, ರಂಗನತಿಟ್ಟಲ್ಲಿ ಬೋಟಿಂಗ್ ನಿಲ್ಸಿದಾರಾ ಅಂತ ವಿಚಾರಿಸಿ. ಅಲ್ಲಿ ಬೋಟ್ ನಿಂತಿದೆ ಅಂದ್ರೆ ಕೆಳಗೆ ನಿಮಗೇನು ಕೆಲಸ? ಟಿ. ನರಸೀಪುರದಿಂದ ಕೆಳಗಾದ್ರೆ ಕಬಿನಿ ನೀರೂ ಸೇರ್ಕೊಳ್ಳುತ್ತೆ, ಅದನ್ನೂ ನೋಡ್ಬೇಕು.

ಇನ್ನು ವ್ಯಾನ್ ಕೊಟ್ಟೋರ ಕಥೆ. ರಾತ್ರಿಯಿಡೀ ಎಸಿ ಓಡುತ್ತೆ ಅಂದಿದ್ರು. ಒಳಗಿದ್ದದ್ದು 12 ವೋಲ್ಟಿನ 150 ಎಎಚ್ ಬ್ಯಾಟರಿ ಒಂದೇ, ಅಂದ್ರೆ ಪೂರ್ತಿ ಚಾರ್ಜ್ ಇದ್ರೂ 1800 ವ್ಯಾಟ್ ಅವರ್, ಲೆಡ್ ಆಸಿಡ್ ಆದ್ರೆ ಅದರಲ್ಲಿ ಅರ್ಧ ಬಳಸಿದ್ರೇ ಹೆಚ್ಚು. ಎಸಿ ಒಂದೂವರೆ ಸಾವಿರ ವ್ಯಾಟ್ ಎಳೆದ್ರೆ ಅರ್ಧ ಗಂಟೆ ಮುಕ್ಕಾಲು ಗಂಟೆಗೆ ಮುಗೀತು. ಗುಡಿ ಮುಂದೆ ಹಂಗೇ ಆಯ್ತು. ಫೋನ್ ಮಾಡಿದ್ರೆ "ಕಿಟಕಿ ಹಾಕ್ಕೊಂಡು ಜನರೇಟರ್ ಆನ್ ಮಾಡ್ಕೊಳಿ ಸಾರ್" ಅಂತಾರೆ. ದಯವಿಟ್ಟು ಯಾರೂ ಹಂಗೆ ಮಾಡ್ಬೇಡಿ. 2024ರ ಡಿಸೆಂಬರಲ್ಲಿ ಕೇರಳದ ವಡಕರದಲ್ಲಿ ರಸ್ತೆ ಪಕ್ಕ ನಿಂತಿದ್ದ ಕ್ಯಾರವಾನ್ ಒಳಗೆ ಇಬ್ಬರು ಸತ್ತಿದ್ದು ಜನರೇಟರಿನ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬ್ಕೊಂಡೇ. ಆ ಗಾಳಿಗೆ ವಾಸನೆನೂ ಇಲ್ಲ, ಮಲಗಿದ್ದೋರಿಗೆ ಗೊತ್ತೇ ಆಗಲ್ಲ. ನಾವು ಕಿಟಕಿ ತೆಗ್ದು ಸೊಳ್ಳೆ ಬತ್ತಿ ಹಚ್ಚಿ ಬೆಳಗು ಮಾಡಿದ್ವಿ.

ಟಾಯ್ಲೆಟ್ ಟ್ಯಾಂಕ್ ಎಲ್ಲಿ ಖಾಲಿ ಮಾಡ್ಬೇಕು ಅಂತ ಕೇಳಿದ್ದಕ್ಕೆ ಬಂದ ಉತ್ತರ "ಹೊಳೇಗೆ ಬಿಟ್ಬಿಡಿ, ಎಲ್ಲರೂ ಹಂಗೇ ಮಾಡೋದು". ಇದೇ ಕಾವೇರಿ ತಾನೇ ಶಿವನಸಮುದ್ರದ ಕಡೆ ಹೋಗಿ, ತೊರೆಕಾಡನಹಳ್ಳಿಯಲ್ಲಿ ಶುದ್ಧ ಆಗಿ ಪಂಪ್ ಆಗಿ ನಮ್ಮ ಜಯನಗರದ ನಲ್ಲೀಲಿ ಬರೋದು! ನಾವು ಟ್ಯಾಂಕ್ ಹಂಗೇ ಬೆಂಗಳೂರಿಗೆ ವಾಪಸ್ ತಂದು ಅವರ ಮುಂದೇನೇ ಇಟ್ವಿ.

ನಂಬರ್ ಪ್ಲೇಟ್ ನೋಡಿ ಆಮೇಲೆ ಅಡ್ವಾನ್ಸ್ ಹಾಕಿ. ಸೆಲ್ಫ್ ಡ್ರೈವಿಗೆ ಬಾಡಿಗೆ ಕೊಡೋ ಗಾಡಿಗೆ ಕಪ್ಪು ಬೋರ್ಡಲ್ಲಿ ಹಳದಿ ಅಕ್ಷರ ಇರ್ಬೇಕು. ನಮಗೆ ಕೊಟ್ಟಿದ್ದು ವೈಟ್ ಬೋರ್ಡು, ಗಾಡಿ ಹೊಳೇಲಿ ಹೋಗಿದ್ರೆ ಇನ್ಶೂರೆನ್ಸ್ ಅವರು ಬಾಡಿಗೆಗೆ ಬಿಟ್ಟಿದ್ರಿ ಅಂತ ಕ್ಲೇಮ್ ತಳ್ಳಿಹಾಕ್ತಿದ್ರು, ಆಮೇಲೆ ಮಾಲೀಕ ನಮ್ಮ ಕೊರಳಿಗೆ ಬೀಳ್ತಿದ್ದ. ಈಗ ಮರಳು ಕ್ಲೀನಿಂಗು, ಕ್ಲಚ್ ಡ್ಯಾಮೇಜು ಅಂತ ಡೆಪಾಸಿಟ್ ಅಷ್ಟೂ ಹಿಡ್ಕೊಂಡಿದಾನೆ, ಬಿಲ್ ಕೊಡಿ ಅಂದ್ರೆ ಫೋನ್ ಎತ್ತಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀನಿ, ಜೊತೆಗೆ ಆ ಸೀಲಿಲ್ಲದ ರಸೀದಿ, ನಂಬರ್ ಪ್ಲೇಟು ಎರಡರ ಫೋಟೋನೂ ಕಳ್ಸಿದೀನಿ.