ಉಲ್ಟಾ ಎಲೆ ಓದುವವರಿಗೆ ರೈಡರ್-ವೇಟ್ ಟ್ಯಾರೋ ಕಟ್ಟು: ಬೆನ್ನು ನೋಡಿ ಕೊಳ್ಳಿ

ಭವಿಷ್ಯ ಕೇಳುವವರಿಗೆ ಓದಿ ಹೇಳುವ ಚಿತ್ರದ ಎಲೆಗಳೇ ಟ್ಯಾರೋ. ಇದರ ಕಟ್ಟು ಕೊಳ್ಳುವವರು ಮೊದಲು ನೋಡುವುದು ಎಲೆಯ ಮುಖದ ಚಿತ್ರ. ಉಲ್ಟಾ, ಅಂದರೆ ತಲೆಕೆಳಗಾಗಿ, ಬಿದ್ದ ಎಲೆಗಳಿಗೆ ಪ್ರತ್ಯೇಕ ಅರ್ಥ ಹೇಳುವ ಇರಾದೆ ಇದ್ದರೆ ಮೊದಲು ನೋಡಬೇಕಾದದ್ದು ಬೆನ್ನು. ತಲೆಕೆಳಗು ಮಾಡಿದಾಗ ಬೆನ್ನಿನ ವಿನ್ಯಾಸ ಬೇರೆಯಾಗಿ ಕಂಡರೆ, ಯಾವುದು ಉಲ್ಟಾ ಎಂಬುದು ತೆರೆಯುವ ಮುಂಚೆಯೇ ಗೊತ್ತಾಗಿಬಿಡುತ್ತದೆ. ಎಷ್ಟೇ ಪ್ರಾಮಾಣಿಕರಾದರೂ ಕೈ ಆಗ ನೆಟ್ಟಗಿನ ಎಲೆಯ ಕಡೆಗೇ ಹೋಗುತ್ತದೆ. ಈ ಪರೀಕ್ಷೆಯಲ್ಲಿ ಯು.ಎಸ್. ಗೇಮ್ಸ್ ಸಿಸ್ಟಮ್ಸ್ ಹೊರತರುವ ರೂಢಿಯ ರೈಡರ್-ವೇಟ್ ಕಟ್ಟು ಪಾಸಾಗುತ್ತದೆ. ಬೆನ್ನ ಮೇಲೆ ನೀಲಿ-ಬಿಳಿ ಗೆರೆಗಳ ಹೆಣಿಗೆ ಇದೆ, ಹೇಗೆ ತಿರುಗಿಸಿದರೂ ಒಂದೇ ಥರ.

ಪೆಟ್ಟಿಗೆಯಲ್ಲಿ 78 ಎಲೆ: ಸನ್, ಟವರ್‌ನಂಥ ಹೆಸರಿನ 22 ಮೇಜರ್, ಇಸ್ಪೀಟಿನ ಹಾಗೆ ನಾಲ್ಕು ಜಾತಿಯ (ವಾಂಡ್ಸ್ ಅಂದರೆ ಕೋಲು, ಕಪ್ಸ್ ಬಟ್ಟಲು, ಸೋರ್ಡ್ಸ್ ಕತ್ತಿ, ಪೆಂಟಕಲ್ಸ್ ನಾಣ್ಯ) 56 ಮೈನರ್. ಅಳತೆ 70 × 120 ಮಿ.ಮೀ. ಇಸ್ಪೀಟ್ ಎಲೆ ಹಿಡಿದು ರೂಢಿಯಾದ ಕೈಗೆ ಇದು ದೊಡ್ಡದೇ. ಸಣ್ಣ ಕೈಯವರಿಗೆ ಎರಡು ಪಾಲು ಮಾಡಿ ಅಂಚಿಗೆ ಅಂಚು ಸೇರಿಸಿ ಬಿಡುವ ಕಲಸುವಿಕೆ ಕಷ್ಟ. ಚಿತ್ರಗಳು 1909ರಲ್ಲಿ ಲಂಡನ್ನಿನಲ್ಲಿ ಮೊದಲು ಪ್ರಕಟವಾದವು. ಗೂಢವಿದ್ಯೆಯ ಲೇಖಕ ಎ. ಇ. ವೇಟ್ ಹೇಳಿದಂತೆ ಚಿತ್ರ ಬಿಡಿಸಿದವರು ಪಮೇಲಾ ಕೋಲ್ಮನ್ ಸ್ಮಿತ್. ಉಲ್ಟಾ ಓದುವವರಿಗೆ ಈ ಕಟ್ಟು ಹೇಳಿಮಾಡಿಸಿದಂತಿರುವುದು ಆಕೆಯ ಕುಂಚದಿಂದಲೇ. ಮೈನರ್ ಎಲೆಗಳಲ್ಲೂ ಮನುಷ್ಯರು, ದೋಣಿ, ನೆಲ, ಆಕಾಶ ಇರುವುದರಿಂದ ಎಲೆ ತಲೆಕೆಳಗಾದರೆ ತಕ್ಷಣ ಕಾಣುತ್ತದೆ. ಫ್ರಾನ್ಸಿನ ಹಳೆಯ ಮಾರ್ಸೇಲ್ ಮಾದರಿಯ ಟ್ಯಾರೋದಲ್ಲಿ ನಾಲ್ಕು ನಾಣ್ಯದ ಎಲೆ ಅಂದರೆ ಬರೀ ನಾಲ್ಕು ನಾಣ್ಯ ಮತ್ತು ನಡುವೆ ಅಲಂಕಾರ, ಮೇಲೆ-ಕೆಳಗೆ ಗುರುತಿಸಲು ಕಣ್ಣು ಕಿರಿದು ಮಾಡಬೇಕು. ಈಗಿನ ಇಸ್ಪೀಟ್ ಎಲೆಯಲ್ಲಂತೂ ರಾಜನಿಗೆ ಎರಡು ತಲೆ, ಉಲ್ಟಾ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಮೋಸ ಮಾಡುವ ಎಲೆ ಒಂದಿದೆ, ಹ್ಯಾಂಗ್ಡ್ ಮ್ಯಾನ್. ಅವನು ನೆಟ್ಟಗಿದ್ದಾಗಲೇ ತಲೆಕೆಳಗಾಗಿ ತೂಗುತ್ತಾನೆ. ಉಲ್ಟಾ ಬಂದಾಗ ಒಂಟಿ ಕಾಲಿನ ಮೇಲೆ ಕುಣಿಯುವವನ ಹಾಗೆ ಕಾಣುತ್ತಾನೆ, ಹೊಸಬರು ಅದನ್ನೇ ನೆಟ್ಟಗೆ ಎಂದು ಓದಿಬಿಡುತ್ತಾರೆ. ಚಿತ್ರ ನೋಡಬೇಡಿ, ಅಂಕಿ ನೋಡಿ: ರೋಮನ್ ಹನ್ನೆರಡು ಮೇಲಿರಬೇಕು, ಹೆಸರು ಕೆಳಗಿರಬೇಕು.

ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಹೆಚ್ಚಿನವರು ಇದನ್ನು ಆನ್‌ಲೈನಿನಲ್ಲಿ ತರಿಸುತ್ತಾರೆ. ಅಲ್ಲಿ ಇದೇ ಚಿತ್ರಗಳ ಅಗ್ಗದ ನಕಲುಗಳೂ ಸಿಗುತ್ತವೆ. ಅಳತೆ ಚಿಕ್ಕದು, ಪುಸ್ತಿಕೆಯ ಬದಲು ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಕೋಡ್. ಕೆಲಸಕ್ಕೆ ಬಾರದವು ಎಂದೇನೂ ಇಲ್ಲ, ಕಲಿಯಲು ಸಾಕು. ಆದರೆ ಉಲ್ಟಾ ಓದುವಿಕೆಗೆ ಅವುಗಳ ದೋಷ ಎರಡು ಕಡೆ ಕಾಣುತ್ತದೆ. ಒಂದು, ಬೆನ್ನಿನಲ್ಲಿ ಒಂದೇ ದಿಕ್ಕಿನ ಚಂದ್ರ, ಕಣ್ಣು ಅಥವಾ ಅಕ್ಷರ ಇರುವುದು. ಇನ್ನೊಂದು, ಕತ್ತರಿಕೆ ಸರಿಯಿಲ್ಲದೆ ಬೆನ್ನಿನ ಅಂಚುಪಟ್ಟಿ ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ ಆಗಿರುವುದು. ಒಂದು ಮಿಲಿಮೀಟರ್ ವ್ಯತ್ಯಾಸವಿದ್ದರೂ ನಾಲ್ಕು ದಿನದಲ್ಲಿ ಕಣ್ಣು ಅದನ್ನು ಹಿಡಿಯುತ್ತದೆ. ಪೆಟ್ಟಿಗೆ ತೆರೆದ ದಿನವೇ ಹತ್ತು ಎಲೆ ಬೋರಲು ಹಾಕಿ, ಮನೆಯ ಇನ್ನೊಬ್ಬರಿಂದ ಒಂದನ್ನು ಅರ್ಧ ಸುತ್ತು ತಿರುಗಿಸಿ ಎಲ್ಲವನ್ನೂ ಅದಲುಬದಲು ಮಾಡಿಸಿ. ನೀವು ಅದನ್ನು ಕಂಡುಹಿಡಿದರೆ ಕಟ್ಟು ವಾಪಸ್ ಕಳಿಸಿ. ಜಾಹೀರಾತಿನ ಎಲೆ, ಹೆಸರಿನ ಎಲೆ ಏನಾದರೂ ಹೆಚ್ಚಿಗೆ ಬಂದಿದ್ದರೆ ಆಗಲೇ ತೆಗೆದಿಡಿ.

ಇನ್ನು ಕಲಸುವುದು. ಉಲ್ಟಾ ಓದುವಿಕೆ ಕೆಡುವುದು ಬಹಳಮಟ್ಟಿಗೆ ಇಲ್ಲೇ, ಅರ್ಥ ಹೇಳುವಾಗಲ್ಲ. ಕೈಯಲ್ಲಿ ಹಿಡಿದು ಒಂದಿಷ್ಟೊಂದಿಷ್ಟು ಕೆಳಗಿಳಿಸುತ್ತ ಕಲಸುವ ಸಾದಾ ಪದ್ಧತಿಯಲ್ಲಿ ಎಲೆಯ ಜಾಗ ಬದಲಾಗುತ್ತದೆ, ದಿಕ್ಕು ಬದಲಾಗುವುದಿಲ್ಲ. ಹಿಂದಿನ ಸಲ ಉಲ್ಟಾ ಇದ್ದದ್ದು ಈ ಸಲವೂ ಉಲ್ಟಾ. ಹೀಗಾಗಿ ಒಬ್ಬರ ಪ್ರಶ್ನೆಗೆ ತಿರುಗಿದ ಎಲೆಗಳು ಮುಂದಿನವರ ಪಾಲಿಗೂ ಅದೇ ಮುಖ ತೋರಿಸುತ್ತವೆ. ಹೊಸ ಪ್ರಶ್ನೆ ಶುರುಮಾಡುವ ಮುಂಚೆ 78 ಎಲೆಗಳನ್ನೂ ಒಮ್ಮೆ ನೆಟ್ಟಗೆ ಮಾಡಿಕೊಳ್ಳಿ. ಎರಡು-ಮೂರು ನಿಮಿಷದ ಕೆಲಸ, ಬೇಸರ ಅನಿಸಿದರೂ ಬಿಡಬೇಡಿ.

ಆಮೇಲೆ ಎರಡು ದಾರಿ. ಸುಮಾರು 20 ಎಲೆಗಳ ಒಂದು ಪಾಲನ್ನು ಅರ್ಧ ಸುತ್ತು ತಿರುಗಿಸಿ, ಉಳಿದವುಗಳ ಜೊತೆ ಚೆನ್ನಾಗಿ ಬೆರೆಸಿದರೆ ಹತ್ತು ಎಲೆಯ ಹಾಸಿನಲ್ಲಿ (ಓದಲೆಂದು ತೆಗೆದು ಹರಡಿದ ಎಲೆಗಳಲ್ಲಿ) ಸರಾಸರಿ ಎರಡೋ ಮೂರೋ ಉಲ್ಟಾ ಬರುತ್ತವೆ. ಹೊಸಬರಿಗೆ ಇದು ಹದವಾದ ಪ್ರಮಾಣ. ಎರಡನೆಯದು ಚಾಪೆಯ ಮೇಲೆ ಎಲ್ಲವನ್ನೂ ಬೋರಲು ಹರಡಿ, ಎರಡೂ ಅಂಗೈಯಿಂದ ಒಂದೆರಡು ನಿಮಿಷ ಸುತ್ತಾಡಿಸಿ ಒಟ್ಟುಗೂಡಿಸುವುದು. ಇದರಲ್ಲಿ ಹೆಚ್ಚುಕಡಿಮೆ ಅರ್ಧ ಉಲ್ಟಾ ಆಗುತ್ತವೆ. ಇಲ್ಲಿ ಒಂದು ಲೆಕ್ಕ ತಿಳಿದಿರಲಿ. ಅರ್ಧದಷ್ಟು ಉಲ್ಟಾ ಇರುವ ಕಟ್ಟಿನಿಂದ ಹತ್ತು ಎಲೆ ತೆಗೆದರೆ ಏಳು ಅಥವಾ ಅದಕ್ಕೂ ಹೆಚ್ಚು ಉಲ್ಟಾ ಬೀಳುವ ಸಾಧ್ಯತೆ ಶೇ. 17ರಷ್ಟು, ಅಂದರೆ ಆರಕ್ಕೆ ಒಂದು ಸಲ. ಮೂರು ಎಲೆಯ ಹಾಸಿನಲ್ಲಿ ಮೂರೂ ಉಲ್ಟಾ ಬರುವುದು ಎಂಟಕ್ಕೆ ಒಂದು ಸಲ. ಹಾಗಾಗಿ ‘ಎಲ್ಲಾ ಎಲೆ ತಲೆಕೆಳಗ ಬಂದಾವ್ರಿ, ದೊಡ್ಡ ಕಂಟಕ ಐತಿ’ ಎಂದು ಎದುರಿಗೆ ಕೂತವರನ್ನು ಹೆದರಿಸುವುದು ಕಲಸಿದ ಕೈಯ ಲೆಕ್ಕವನ್ನು ಅವರ ಹಣೆಬರಹ ಮಾಡಿದಂತೆ. ಅದರ ಹಿಂದೆಯೇ ಪೂಜೆ, ತಾಯತ, ಹರಳಿನ ಮಾತು ಬಂದರೆ ಎದ್ದು ಬರಬಹುದು.

ಎಲೆ ತೆರೆಯುವ ರೀತಿಯೂ ಒಂದೇ ಇರಬೇಕು. ಪುಸ್ತಕದ ಹಾಳೆ ಮಗುಚಿದಂತೆ ಎಡದಿಂದ ಬಲಕ್ಕೆ ತೆರೆದರೆ ದಿಕ್ಕು ಉಳಿಯುತ್ತದೆ. ಕೆಳ ಅಂಚು ಹಿಡಿದು ಮೇಲಕ್ಕೆ ಮಗುಚಿದರೆ ನೆಟ್ಟಗಿನದು ಉಲ್ಟಾ ಆಗುತ್ತದೆ. ಒಂದೇ ಹಾಸಿನಲ್ಲಿ ಎರಡೂ ರೀತಿ ಬೆರೆತರೆ ಓದುವಿಕೆಗೆ ಅರ್ಥವಿಲ್ಲ. ಎದುರಿಗೆ ಕೂತವರು ಕಟ್ಟನ್ನು ಕೈಗೆ ತಗೊಂಡು ಕಲಸಿ ವಾಪಸ್ ಚಾಚಿದಾಗ ಇಡೀ ಕಟ್ಟು ಅರ್ಧ ಸುತ್ತು ತಿರುಗಿರುವುದುಂಟು. ಅವರು ಕಟ್ ಮಾತ್ರ ಮಾಡಲಿ, ಕಟ್ಟು ಮೇಜಿನ ಮೇಲೇ ಇರಲಿ. ದಿಕ್ಕು ಓದುವವರ ಕಡೆಯಿಂದ ಎಂದು ಮೊದಲೇ ಹೇಳಿಬಿಡಿ. ಸೆಲ್ಟಿಕ್ ಕ್ರಾಸ್ ಎಂಬ ಹತ್ತು ಎಲೆಯ ಹಾಸಿನ ಎರಡನೇ ಎಲೆ ಅಡ್ಡ ಮಲಗುತ್ತದೆ, ಅದು ನೆಟ್ಟಗೋ ಉಲ್ಟಾನೋ ಎಂಬ ಜಗಳ ಹಳೆಯದು. ಹಲವರು ಅದನ್ನು ನೆಟ್ಟಗೆಂದೇ ಓದುತ್ತಾರೆ. ಅಡ್ಡ ಇಡುವ ಮುಂಚೆ ತೆರೆದು ದಿಕ್ಕು ನೋಡಿಕೊಳ್ಳುವುದು ನಮಗೆ ಹೆಚ್ಚು ಸರಿ ಅನಿಸುತ್ತದೆ. ಟಿಳಕವಾಡಿಯಲ್ಲಿ ಕೂತು ಪುಣೆಯವರಿಗೆ ವಿಡಿಯೋ ಕಾಲಿನಲ್ಲಿ ಓದುವವರಾದರೆ ಮೊಬೈಲಿನ ಆಟೋ ರೊಟೇಟ್ ಬಂದ್ ಮಾಡಿ. ಇಲ್ಲದಿದ್ದರೆ ಮೇಜಿನ ಮೇಲೆ ನೆಟ್ಟಗಿದ್ದ ಎಂಪರರ್ ಅವರ ಪರದೆಯಲ್ಲಿ ತಲೆಕೆಳಗಾಗಿ ಕೂತಿರುತ್ತಾನೆ.

ಇಷ್ಟೆಲ್ಲ ಆದಮೇಲೆ ಪುಸ್ತಿಕೆ. ಈ ಪೆಟ್ಟಿಗೆಯ ದುರ್ಬಲ ಭಾಗ ಇದೇ. ಚಿಕ್ಕ ಅಕ್ಷರ, ಇಂಗ್ಲಿಷ್, ಪ್ರತಿ ಎಲೆಗೆ ನೆಟ್ಟಗಿನ ಅರ್ಥ ಎರಡು ಸಾಲು, ಉಲ್ಟಾ ಅರ್ಥ ಒಂದು ಸಾಲು. ವೇಟ್ ಕೊಟ್ಟ ಉಲ್ಟಾ ಅರ್ಥಗಳಿಗೆ ಒಂದೇ ನಿಯಮ ಇಲ್ಲ. ಸನ್ ಉಲ್ಟಾ ಬಂದರೆ ಅದೇ ಸುಖ, ಸ್ವಲ್ಪ ಕಡಿಮೆ. ಫೋರ್ ಆಫ್ ವಾಂಡ್ಸ್ ಉಲ್ಟಾ ಆದರೂ ಅರ್ಥ ಬದಲಾಗುವುದಿಲ್ಲ ಎಂದೇ ಆತ ಹೇಳುತ್ತಾನೆ. ಸಿಕ್ಸ್ ಆಫ್ ಕಪ್ಸ್ ನೆಟ್ಟಗಿದ್ದರೆ ಕಳೆದ ಕಾಲ, ಉಲ್ಟಾ ಬಂದರೆ ಮುಂದೆ ಬರುವ ಕಾಲ. ಇದು ಹಾಸಿನ ‘ಹಿಂದಿನದು’ ಎಂಬ ಜಾಗದಲ್ಲಿ ಉಲ್ಟಾ ಬಿದ್ದರೆ ಏನು ಹೇಳಬೇಕೆಂದು ಪುಸ್ತಿಕೆ ಸುಮ್ಮನಾಗುತ್ತದೆ. ಟೆನ್ ಆಫ್ ಸೋರ್ಡ್ಸ್ ಉಲ್ಟಾ ಅಂದರೆ ಲಾಭ, ಯಶಸ್ಸು, ಆದರೆ ನಿಲ್ಲದು. ಟೆಂಪರೆನ್ಸ್ ಉಲ್ಟಾ ಬಂದರೆ ಚರ್ಚು, ಪಂಥ, ಪಾದ್ರಿ, ಕೆಲವೊಮ್ಮೆ ಮದುವೆ ಮಾಡಿಸುವ ಪುರೋಹಿತ! ‘ಉಲ್ಟಾ ಅಂದರೆ ವಿರುದ್ಧ’ ಎಂದು ಕಲಿಸುವ ವಾಟ್ಸ್ಯಾಪ್ ಪಾಠಗಳು ಈ ಪಟ್ಟಿಯ ಮುಂದೆ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಬೇರೆಬೇರೆ ಹಳೆಯ ಮೂಲಗಳ ಅರ್ಥಗಳು ಈ ಪಟ್ಟಿಯಲ್ಲಿ ಒಟ್ಟಿಗೆ ಬಿದ್ದಿವೆ. ಉಲ್ಟಾ ಅರ್ಥದ ಪದ್ಧತಿಯೇ ವೇಟ್‌ಗಿಂತ ಹಳೆಯದು. ಎಲೆ ನೋಡಿ ಭವಿಷ್ಯ ಹೇಳುತ್ತಿದ್ದ ಫ್ರಾನ್ಸಿನ ಅಲಿಯೆತ್ 1770ರಷ್ಟು ಹಿಂದೆಯೇ ಸಾದಾ ಇಸ್ಪೀಟ್ ಎಲೆಗಳಿಗೂ ನೆಟ್ಟಗಿನದೊಂದು, ಉಲ್ಟಾದ್ದೊಂದು ಅರ್ಥ ಕೊಟ್ಟಿದ್ದ. ತನ್ನ ಅಡ್ಡಹೆಸರಿನ ಅಕ್ಷರಗಳನ್ನೂ ಹಿಂದುಮುಂದು ಮಾಡಿ ಎಟೆಯಾ ಎಂದು ಕರೆದುಕೊಂಡ ಆಸಾಮಿ ಆತ.

ಹಾಗಾದರೆ ಹೇಗೆ ಓದುವುದು? ಎಲೆಯ ನೆಟ್ಟಗಿನ ಅರ್ಥವನ್ನೇ ಮೊದಲು ಗಟ್ಟಿಮಾಡಿಕೊಂಡು, ಅದಕ್ಕೆ ಏನಾಗಿದೆ ಎಂದು ಕೇಳುವುದು: ತಡೆಯಾಗಿದೆಯೇ, ತಡವಾಗುತ್ತಿದೆಯೇ, ಹೊರಗೆ ಕಾಣದೆ ಒಳಗೇ ನಡೆದಿದೆಯೇ, ಅತಿಯಾಗಿದೆಯೇ, ಮುಗಿಯುತ್ತ ಬಂದಿದೆಯೇ. ಯಾವುದು ಎಂಬುದನ್ನು ಅಕ್ಕಪಕ್ಕದ ಎಲೆ ತೀರ್ಮಾನಿಸಲಿ. ಟವರ್, ಡೆವಿಲ್, ಟೆನ್ ಆಫ್ ಸೋರ್ಡ್ಸ್‌ನಂಥ ಭಾರದ ಎಲೆಗಳು ಉಲ್ಟಾ ಬಂದಾಗ ‘ಮುಗಿಯುತ್ತ ಬಂದಿದೆ’ ಎಂಬ ಅರ್ಥ ಹೆಚ್ಚಾಗಿ ಹೊಂದುತ್ತದೆ. ಸನ್, ಸ್ಟಾರ್‌ನಂಥವು ಉಲ್ಟಾ ಬಂದರೆ ‘ತಡ’ ಎಂಬುದು. ಇದನ್ನು ಕಟ್ಟುನಿಟ್ಟಿನ ನಿಯಮ ಅಂದುಕೊಳ್ಳಬೇಡಿ.

ಒಂದು ಉದಾಹರಣೆ ನೋಡೋಣ. ಶಹಾಪುರ-ವಡಗಾವಿ ಕಡೆಯ ನೇಕಾರರೊಬ್ಬರ ಪ್ರಶ್ನೆ: ‘ಸಾಲ ತಗೊಂಡು ಇನ್ನೆರಡು ಪವರ್‌ಲೂಮ್ ಹಾಕ್ಲೇನ್ರಿ?’ ಮೂರು ಎಲೆ ಬಿದ್ದವು ಅನ್ನಿ: ಏಟ್ ಆಫ್ ಪೆಂಟಕಲ್ಸ್ ಉಲ್ಟಾ, ತ್ರೀ ಆಫ್ ವಾಂಡ್ಸ್ ನೆಟ್ಟಗೆ, ಜಸ್ಟಿಸ್ ಉಲ್ಟಾ. ಮೊದಲನೆಯದರಲ್ಲಿ ಕೆಲಸಗಾರ ಒಂದೊಂದೇ ನಾಣ್ಯ ಕೆತ್ತುತ್ತಿದ್ದಾನೆ. ವೇಟ್ ಇದರ ಉಲ್ಟಾ ಅರ್ಥದಲ್ಲಿ ಹುಸಿಹೋದ ಆಸೆ ಮತ್ತು ಬಡ್ಡಿ ವ್ಯವಹಾರ ಎರಡನ್ನೂ ಸೇರಿಸಿದ್ದಾನೆ. ನಡುವಿನದರಲ್ಲಿ ದಂಡೆಯ ಮೇಲೆ ನಿಂತವನು ದೂರದ ಹಡಗು ನೋಡುತ್ತಿದ್ದಾನೆ, ಅಂದರೆ ವ್ಯಾಪಾರ ಇದೆ, ಮಾರುಕಟ್ಟೆ ಇದೆ. ಕೊನೆಯದು ಕಾನೂನಿನ ತೊಡಕು. ಇದನ್ನು ‘ಬ್ಯಾಡ್ರಿ’ ಎಂದು ಮುಗಿಸುವವರು ಉಲ್ಟಾ ಎಲೆಯನ್ನು ಬರೀ ಇಲ್ಲ ಎಂಬ ಉತ್ತರವನ್ನಾಗಿ ಮಾಡಿಕೊಂಡವರು. ನಡುವಿನ ಎಲೆ ದುಡಿಮೆಗೆ ಗಿರಾಕಿ ಇದೆ ಅನ್ನುವಾಗ ತಡೆ ಇರುವುದು ಸಾಲ ಮತ್ತು ಕಾಗದದಲ್ಲಿ. ಹಾಗಾಗಿ ಓದುವವರ ಬಾಯಿಂದ ಬರಬೇಕಾದದ್ದು ಪ್ರಶ್ನೆ: ‘ಅಣ್ಣಾರ, ಬಡ್ಡಿ ಎಷ್ಟು ಬೀಳತೈತ್ರಿ? ಶೆಡ್ಡಿನ ಕಾಗದ ಯಾರ ಹೆಸರಿನ್ಯಾಗ ಐತಿ?’ ಎಲೆಗಳು ನಾಳಿನದನ್ನು ಬಲ್ಲವು ಎಂಬುದಕ್ಕೆ ಪುರಾವೆಯೇನೂ ಇಲ್ಲ, ಸಾಲದ ತೀರ್ಮಾನ ಅವುಗಳ ಮೇಲೆ ಬಿಡುವಂಥದ್ದೂ ಅಲ್ಲ. ಆದರೆ ಇಂಥ ಪ್ರಶ್ನೆ ಎಬ್ಬಿಸಲು ಉಲ್ಟಾ ಎಲೆ ನೆಟ್ಟಗಿನದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬಾಳಿಕೆಯ ವಿಷಯ. ಬೆಳಗಾವಿಯ ಜಿಟಿಜಿಟಿ ಮಳೆಗಾಲದಲ್ಲಿ ಎಲೆಯ ಅಂಚು ತೇವ ಹೀರಿ ಉಬ್ಬುತ್ತದೆ, ನಾಲ್ಕೈದು ಎಲೆ ಒಂದಕ್ಕೊಂದು ಅಂಟಿ ಒಟ್ಟಿಗೇ ಸರಿಯುತ್ತವೆ. ತಿರುಗಿಸಿದ ಪಾಲು ಹಾಗೇ ಗುಂಪಾಗಿ ಉಳಿದು, ಹಾಸಿನಲ್ಲಿ ಉಲ್ಟಾ ಎಲೆಗಳು ಸಾಲಾಗಿ ಬರುತ್ತವೆ. ಮುಚ್ಚಳ ಬಿಗಿಯಾದ ಡಬ್ಬಿ, ಅದರೊಳಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಇದ್ದರೆ ಸಾಕು. ಮುಖಕ್ಕೆ ಹಚ್ಚುವ ಪೌಡರ್ ಉದುರಿಸಬೇಡಿ, ಚಿತ್ರ ಮಸುಕಾಗುತ್ತದೆ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ತಾಪಮಾನ 40 ಡಿಗ್ರಿ ದಾಟಿದಾಗ ಗಾಡಿಯ ಡಿಕ್ಕಿಯಲ್ಲಿ ಬಿಟ್ಟ ಕಟ್ಟು ಬಿಲ್ಲಿನಂತೆ ಬಾಗುತ್ತದೆ. ದಪ್ಪ ಪುಸ್ತಕಗಳ ಕೆಳಗೆ ಒಂದು ದಿನ ಒತ್ತಿಟ್ಟರೆ ಬಹುಮಟ್ಟಿಗೆ ಸರಿಹೋಗುತ್ತದೆ. ಒಂದೇ ತುದಿಯನ್ನು ಹೆಬ್ಬೆರಳಿನಿಂದ ಬಗ್ಗಿಸಿ ಕಲಸುವವರು ಮಾತ್ರ ಎಚ್ಚರ: ಆ ತುದಿ ಕಾಲಕ್ರಮೇಣ ಮೇಲೇಳುತ್ತದೆ, ಉಲ್ಟಾ ಎಲೆ ಯಾವುದೆಂದು ಬೆನ್ನು ನೋಡದೆಯೂ ಗೊತ್ತಾಗುತ್ತದೆ. ಪ್ರಿಂಟಿಂಗ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸುವ ಉಪಾಯ ಬೇಡ. 78 ಎಲೆ ಇಟ್ಟಿಗೆಯಷ್ಟು ದಪ್ಪವಾಗುತ್ತವೆ, ಕೈಯಲ್ಲಿ ನಿಲ್ಲದೆ ಜಾರುತ್ತವೆ.

ಉಲ್ಟಾ ಎಂದರೆ ಗಾಬರಿಯಾಗುವ ಗಿರಾಕಿಗಳೇ ಹೆಚ್ಚು ಬರುವ ಕಡೆ ಉಲ್ಟಾ ಓದುವಿಕೆಯನ್ನೇ ಬಳಸಬೇಕೆಂದಿಲ್ಲ. ಕ್ರೌಲಿ ರೂಪಿಸಿ ಫ್ರೀಡಾ ಹ್ಯಾರಿಸ್ ಚಿತ್ರ ಬಿಡಿಸಿದ ಥಾತ್ ಎಂಬ ಇನ್ನೊಂದು ಟ್ಯಾರೋ ಕಟ್ಟು ಬಳಸುವ ಹಲವರು ಎಲ್ಲ ಎಲೆಗಳನ್ನೂ ನೆಟ್ಟಗೇ ಓದುತ್ತಾರೆ, ಬಲಾಬಲವನ್ನು ಪಕ್ಕದ ಎಲೆಯ ತತ್ವದಿಂದ ಅಳೆಯುತ್ತಾರೆ. ವಾಂಡ್ಸ್ ಬೆಂಕಿ, ಕಪ್ಸ್ ನೀರು, ಸೋರ್ಡ್ಸ್ ಗಾಳಿ, ಪೆಂಟಕಲ್ಸ್ ಮಣ್ಣು. ಬೆಂಕಿ-ನೀರು ಪಕ್ಕಪಕ್ಕ ಬಂದರೆ, ಅಥವಾ ಗಾಳಿ-ಮಣ್ಣು ಬಂದರೆ ಎರಡೂ ಎಲೆ ಸೊರಗುತ್ತವೆ. ರೈಡರ್-ವೇಟ್ ಎಲೆಗಳ ಮೇಲೂ ಈ ಪದ್ಧತಿ ನಡೆಯುತ್ತದೆ, ಅದಕ್ಕೆಂದು ಬೇರೆ ಕಟ್ಟು ಕೊಳ್ಳುವುದು ದುಂದು. ಎರಡನ್ನೂ ಒಂದೇ ಹಾಸಿನಲ್ಲಿ ಬೆರೆಸದಿದ್ದರೆ ಆಯಿತು: ಉಲ್ಟಾ ಬಂದು, ಪಕ್ಕದಲ್ಲಿ ವೈರಿ ತತ್ವವೂ ಇದ್ದ ಎಲೆಗೆ ಎರಡು ಸಲ ಶಿಕ್ಷೆ ಕೊಡುತ್ತ ಹೋದರೆ ಹಾಸಿನಲ್ಲಿ ಹೇಳಲು ಏನೂ ಉಳಿಯುವುದಿಲ್ಲ.