ದೊಡ್ಡಕ್ಷರದ ಕನ್ನಡ ಸತ್ಯವೇದ: ಅಮ್ಮನಿಗೆ ಅಂತ ತಗೊಂಡಿದ್ದು, ಈಗ ಮನೆಯವರೆಲ್ಲಾ ಓದ್ತಿದೀವಿ

ಸತ್ಯದೇವರು ಯಾರು ಅಂತ ತಿಳ್ಕೋಬೇಕು ಅನ್ನೋ ಆಸೆ ಇರೋರು ದೊಡ್ಡಕ್ಷರದ ಸತ್ಯವೇದ, ಅಂದ್ರೆ ಬೈಬಲ್, ಒಂದು ತಗೊಂಡು ಸ್ವಂತ ಕಣ್ಣಲ್ಲಿ ಓದಿ, ನಾನು ಮೊದ್ಲು ಹೇಳೋದೇ ಇದು. ಕೋಲಾರದಲ್ಲಿ ನಮ್ಮಂಥ ವಿಶ್ವಾಸಿಗಳ ಮನೇಲಿ ಮಾತು ತೆಲುಗು, ಓದಿದ್ದು ಕನ್ನಡ, ಕೆಜಿಎಫ್ ಕಡೆ ನೆಂಟರಿದ್ರೆ ತಮಿಳು ಪ್ರಾರ್ಥನೆನೂ ಸೇರ್ಕೊಳ್ಳತ್ತೆ, ಬೆಳಗ್ಗೆ ಯೂಟ್ಯೂಬಲ್ಲಿ ಪ್ರಸಂಗ, ಸಂಜೆ ಪ್ರೇಯರ್ ಮೀಟಿಂಗು, ಕೇಳೋದಕ್ಕೇನೂ ಕಮ್ಮಿ ಇಲ್ಲ. ಆದ್ರೆ ಅಷ್ಟಕ್ಕೇ ನಿಂತ್ಬಿಟ್ರೆ ನಾವು ತಿಳ್ಕೊಂಡಿರೋದು ಬೇರೆಯವರ ಸಾಕ್ಷಿಯನ್ನ. ಬೈಬಲಿನ ಯೋಬನ ಪುಸ್ತಕದಲ್ಲಿ ಯೋಬನು ಅಷ್ಟೆಲ್ಲಾ ಕಷ್ಟ ಪಟ್ಟು ಕೊನೇ ಅಧ್ಯಾಯದಲ್ಲಿ ದೇವರಿಗೆ ಹೇಳೋದು ಇದನ್ನೇ ಅಲ್ವಾ, ನಿನ್ನ ವಿಷಯ ಕಿವೀಲಿ ಕೇಳಿದ್ದೆ, ಈಗ ಕಣ್ಣಾರೆ ಕಂಡೆ ಅಂತ (42:5).

ಅಮ್ಮಂದು ಹಳೇ ಬೈಬಲ್ ಅಂಗೈಯಗಲದ್ದು, ಮದ್ವೇಲಿ ಕೊಟ್ಟಿದ್ದು. ಕನ್ನಡದಲ್ಲಿ ಸಣ್ಣಕ್ಷರದ ತೊಂದ್ರೆ ಏನಂದ್ರೆ ಒತ್ತಕ್ಷರ ಹೋಗಿ ಕೆಳಗಿನ ಸಾಲಿಗೆ ಅಂಟ್ಕೊಂಡಂಗೆ ಕಾಣತ್ತೆ, ‘ಕ್ರಿಸ್ತ’, ‘ಸ್ತೋತ್ರ’ ಅಂಥ ಪದಗಳನ್ನ ಅಮ್ಮ ಬಾಯಿಪಾಠದ ಮೇಲೆ ಓದ್ತಿದ್ರೇ ಹೊರತು ಅಕ್ಷರ ಕಂಡು ಅಲ್ಲ, ಕನ್ನಡಕ ಬದಲಾಯಿಸಿದ್ರೂ ಪ್ರಯೋಜನ ಆಗ್ಲಿಲ್ಲ. ಈ ದೊಡ್ಡಕ್ಷರದ್ದರಲ್ಲಿ ಸಾಲು ಸಾಲಿಗೆ ಜಾಗ ಬಿಟ್ಟಿದಾರೆ, ವಚನದ ನಂಬರು ಬೇರೆಯಾಗೇ ಎದ್ದು ಕಾಣತ್ತೆ, ಟ್ಯೂಬ್‌ಲೈಟ್ ಬೆಳಕು ಸಾಕು.

ಯೇಸುವಿನ ಜೀವನ ಹೇಳೋ ಯೋಹಾನನ ಸುವಾರ್ತೆಯಿಂದ ಶುರು ಮಾಡಿದ್ವಿ. ಹೊಸದಾಗಿ ಓದೋರಿಗೆ ನಾನು ಹೇಳೋದೂ ಅದನ್ನೇ, ಒಟ್ಟು 21 ಅಧ್ಯಾಯ, ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಹಿಡಿದು ಮೂರನೇದಾದ ಯಾಜಕಕಾಂಡದಲ್ಲಿ ನಿಂತುಹೋದೋರು ಬೇಕಾದಷ್ಟು ಜನ ಇದಾರೆ. 14ನೇ ಅಧ್ಯಾಯಕ್ಕೆ ಬಂದಾಗ ಅಮ್ಮ ಬೆರಳಿಟ್ಕೊಂಡು ನಿಧಾನಕ್ಕೆ ಓದಿದ್ರು, ಯೇಸುವಿನ ಶಿಷ್ಯ ಫಿಲಿಪ್ಪ ನಮಗೆ ತಂದೆಯನ್ನ ತೋರಿಸು, ಅಷ್ಟು ಸಾಕು ಅಂತಾನೆ, ಯೇಸು, ಇಷ್ಟು ಕಾಲ ನಿಮ್ ಜೊತೆ ಇದ್ರೂ ನನ್ನ ತಿಳೀಲಿಲ್ವಾ, ನನ್ನ ನೋಡಿದವನು ತಂದೆಯನ್ನ ನೋಡಿದಾನೆ ಅಂತಾರೆ. ಅಮ್ಮ ಅಲ್ಲೇ ನಿಲ್ಲಿಸಿ ಅದೇ ಸಾಲನ್ನ ಮತ್ತೆ ಓದಿ, "ಜೊತೇಲೇ ಇದ್ದೋನಿಗೂ ಗೊತ್ತಾಗಿಲ್ಲ ನೋಡೇ" ಅಂದ್ರು. ಈ ಭಾಗದ ಪ್ರಸಂಗ ನಾವು ಎಷ್ಟೋ ಕೇಳಿದೀವಿ, ಆದ್ರೆ ಆ ಮಾತು ಅಮ್ಮನ ಬಾಯಲ್ಲಿ ಬಂದಿದ್ದು ತಾವೇ ಓದಿದಾಗ. ಆಮೇಲೆ 17ನೇ ಅಧ್ಯಾಯ, ಪೂರ್ತಿ 26 ವಚನವೂ ಯೇಸುವಿನ ಪ್ರಾರ್ಥನೆನೇ, 3ನೇ ವಚನದಲ್ಲಿ ಒಬ್ಬನೇ ಸತ್ಯದೇವರಾದ ತಂದೆಯನ್ನೂ ಅವರು ಕಳಿಸಿದ ಯೇಸು ಕ್ರಿಸ್ತನನ್ನೂ ತಿಳಿಯೋದೇ ನಿತ್ಯಜೀವ ಅಂತ ಇದೆ. ನಿತ್ಯಜೀವ ಅಂದ್ರೆ ಸತ್ತ ಮೇಲೆ ಸಿಗೋದು ಅಂತಷ್ಟೇ ಅಂದ್ಕೊಂಡಿರೋರು ಈ ವಚನದ ಹತ್ರ ಸ್ವಲ್ಪ ಹೊತ್ತು ಕೂತ್ಕೋಬೇಕು, ಆತನನ್ನ ತಿಳಿಯೋದು ಈಗ್ಲೇ, ಈ ಅಡಿಗೆಮನೇಲೇ ಶುರುವಾಗತ್ತೆ.

ತೊಂದ್ರೆಗಳೂ ಇವೆ. ತೂಕ ಜಾಸ್ತಿ, ವಯಸ್ಸಾದೋರು ಬಸ್ಸಲ್ಲಿ ಸಭೆಗೆ (ಚರ್ಚಿಗೆ) ಹೊತ್ಕೊಂಡು ಹೋಗೋಕಾಗಲ್ಲ, ಮನೇಲೇ ಮಣೆ ಮೇಲಿಟ್ಟು ಓದೋದಕ್ಕೆ ಸರಿ. ಪೇಪರ್ ತೆಳು, ಜೆಲ್ ಪೆನ್ನಲ್ಲಿ ಗೆರೆ ಎಳೆದ್ರೆ ಹಿಂದಿನ ಪುಟಕ್ಕೂ ಕಾಣತ್ತೆ, ಪೆನ್ಸಿಲ್ ಇಟ್ಕೊಳ್ಳಿ. ಬೇರೆ ಅಂಗಡೀಲಿ ತಗೊಂಡ ಜಿಪ್ ಕವರ್ ಬೇಗ ಕಿತ್ತೋಯ್ತು, ಅದಕ್ಕೆ ದುಡ್ಡು ಹಾಕ್ಬೇಡಿ. ಹಳೇ ಭಾಷಾಂತರದ ಕನ್ನಡ ಮೊದಮೊದ್ಲು ಬಿಗಿ ಅನ್ಸತ್ತೆ, ಜೋರಾಗಿ ಓದಿದ್ರೆ ನಾಲಿಗೆಗೆ ಒಗ್ಗತ್ತೆ, ಕೀರ್ತನೆಗಳಂತೂ ಅದರಲ್ಲೇ ಚೆಂದ. ತೀರಾ ಕಷ್ಟ ಅನ್ನೋರಿಗೆ ಸುಲಭ ಕನ್ನಡದ್ದೂ ಸಿಗತ್ತೆ.

ಬಳ್ಳಾರೀಲಿದ್ದ ಲಂಡನ್ ಮಿಷನ್‌ನ ಜಾನ್ ಹ್ಯಾಂಡ್ಸ್ ಮತ್ತೆ ಜೊತೆಯವರು ವರ್ಷಗಟ್ಟಲೆ ಕೂತು ಮಾಡಿದ ಕೆಲಸದಿಂದ 1831ರ ಹೊತ್ತಿಗೇ ಪೂರ್ತಿ ಬೈಬಲ್ ಕನ್ನಡಕ್ಕೆ ಬಂದಿತ್ತು. ಅಂಥದ್ದು ಮನೇಲಿದ್ದೂ ಅಕ್ಷರ ಕಾಣಲ್ಲ ಅನ್ನೋ ಕಾರಣಕ್ಕೆ ಎಷ್ಟೋ ಹಿರಿಯರು ಮುಚ್ಚಿಟ್ಟಿದಾರೆ, ನಂಗೆ ಸಂಕಟ ಆಗೋದು ಅದಕ್ಕೇ.

ಬೆಂಗಳೂರಿಗೆ ಹೋಗೋರಿದ್ರೆ ಎಂ.ಜಿ. ರೋಡಲ್ಲಿ ಬೈಬಲ್ ಸೊಸೈಟಿ ಇದೆ, ಇಲ್ಲಾಂದ್ರೆ ನಿಮ್ಮ ಸಭೆಯ ಅಯ್ಯನವರಿಗೆ (ಪಾಸ್ಟರಿಗೆ) ಹೇಳಿ ತರಿಸ್ಕೊಳ್ಳಿ. ತಗೊಳ್ಳೋ ಮುಂಚೆ ಓದೋರನ್ನೇ ಕರ್ಕೊಂಡು ಹೋಗಿ, ಅವರ ಕೈಗೇ ಕೊಟ್ಟು ಯೋಹಾನ 17 ತೆಗೆಸಿ, ಕನ್ನಡಕ ಹಾಕ್ಕೊಂಡು ನಾಲ್ಕು ಸಾಲು ತಡವರಿಸ್ದೆ ಓದಿದ್ರೆ ಅದನ್ನೇ ತಗೊಳ್ಳಿ.